ಕೋಡಿಮಠದ ಪಟ್ಟಿಯಲ್ಲಿ ಮುದುಕರಿಲ್ಲ: ಮುಪ್ಪಿನ ಖರ್ಚು ಮತ್ತು ಶಾಸನಗಳ ಲೆಕ್ಕ

ಬಳ್ಳಿಗಾವೆಯ ಕೋಡಿಮಠದ ಶಾಸನವನ್ನು ಕೇಳರಿಯದ ಶಾಸನಾಸಕ್ತರು ಕಡಿಮೆ. ಕಳಚುರಿ ಬಿಜ್ಜಳನ ಕಾಲದ, ಕ್ರಿ.ಶ. 1162ರ ಈ ಶಾಸನವನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ, ಶಿಕಾರಿಪುರ 102 ಎಂಬ ಸಂಖ್ಯೆಯಡಿ ಪ್ರಕಟಿಸಿದರು. ನಾಲ್ಕು ವೇದ, ವ್ಯಾಕರಣದ ಹಲವು ಪದ್ಧತಿಗಳು, ಆರು ದರ್ಶನ, ಲಾಕುಳ ಸಿದ್ಧಾಂತ, ಪುರಾಣ ಇಷ್ಟನ್ನೂ ಕಲಿಸುತ್ತಿದ್ದ ಜಾಗ ಎಂದು ಮಠವನ್ನು ಹೊಗಳುವ ಭಾಗ ನಮ್ಮ ಭಾಷಣಗಳಲ್ಲೂ ಪಠ್ಯಪುಸ್ತಕಗಳಲ್ಲೂ ಸಾಕಷ್ಟು ಓಡಾಡಿದೆ. ಅದರ ಮುಂದಿನ ಭಾಗದ ಮೇಲೆ ನಮ್ಮ ಕಣ್ಣು ಅಷ್ಟಾಗಿ ನಿಲ್ಲುವುದಿಲ್ಲ. ಈ ಬರಹ ಆ ಭಾಗದ್ದು.

ವಿದ್ಯೆಯ ವರ್ಣನೆ ಮುಗಿದ ಮೇಲೆ ಶಾಸನವು ಮಠವನ್ನು ಅನ್ನದಾನದ ಸ್ಥಾನ ಎಂದು ಕರೆಯುತ್ತದೆ. ಯಾರಿಗೆ ಅನ್ನ? ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು, ವೈತಾಳಿಕರು. ಮೈಮೇಲೆ ಬಟ್ಟೆಯಿಲ್ಲದವರು, ಅಂಗ ಊನವಾದವರು. ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸರು, ಪರಮಹಂಸರು, ನಾನಾ ದೇಶದ ಭಿಕ್ಷುಕರು. ಈ ಅನ್ನದಾನಕ್ಕೆ ಶಾಸನ ಕೊಡುವ ವಿಶೇಷಣ ‘ಅನಿವಾರ್ಯ’. ಇವತ್ತು ನಾವು ಬಳಸುವ ಅರ್ಥದಲ್ಲಿ ಅಲ್ಲ. ತಡೆಯಿಲ್ಲದ್ದು, ಬಂದವರನ್ನು ಬಾಗಿಲಲ್ಲೇ ನಿಲ್ಲಿಸದ್ದು ಎಂಬ ಅರ್ಥದಲ್ಲಿ. ಇದರ ಬೆನ್ನಿಗೇ ಅನಾಥ ರೋಗಿಗಳಿಗೆ ಔಷಧ ಕೊಡುವ ಸ್ಥಾನ, ಅದರಾಚೆ ಸಕಲ ಜೀವಿಗಳಿಗೂ ಅಭಯ ಕೊಡುವ ಸ್ಥಾನ ಎಂಬ ಮಾತುಗಳಿವೆ.

ಈಗ ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಯಾರಿಲ್ಲ? ಮುದುಕರಿಲ್ಲ. ಕುರುಡ, ಕುಂಟ, ಕಿವುಡ ಎಂದು ಬಿಡಿಬಿಡಿಯಾಗಿ ಎಣಿಸಿದ ಕವಿಗೆ ‘ವೃದ್ಧ’ ಎಂಬ ಎರಡಕ್ಷರದ ಪದ ಸಿಗಲಿಲ್ಲವೆಂದಲ್ಲ. ಆ ಪಟ್ಟಿಗೆ ಅದು ಬೇಕಾಗಿರಲಿಲ್ಲ. ಯಾಕೆ ಬೇಕಾಗಿರಲಿಲ್ಲ ಎನ್ನುವುದೇ ನನ್ನ ಪ್ರಶ್ನೆ.

ವೃತ್ತಿಯಲ್ಲಿ ನಾನು ಇಂಜಿನಿಯರ್. ಶಾಸನ ಓದುವುದನ್ನು ಪುಸ್ತಕ, ಪಡಿಯಚ್ಚು ಇಟ್ಟುಕೊಂಡು ನನ್ನಷ್ಟಕ್ಕೆ ಕಲಿತವನು. ಪಟ್ಟಿ ಕಂಡರೆ ಯಾವ ಕಾಲಂ ಬಿಟ್ಟುಹೋಗಿದೆ ಅಂತ ಹುಡುಕೋದು ನಮ್ಮ ವೃತ್ತಿಯ ಚಟ. ಇದರ ಜೊತೆಗೆ ಮನೆಯ ಕಾರಣವೂ ಒಂದಿದೆ. ಹಾನಗಲ್ಲ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರತ್ತೆ ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ, ನಾವು ಅಣ್ಣತಮ್ಮಂದಿರು ತಿಂಗಳಿಗೊಮ್ಮೆ ಫೋನಿನಲ್ಲಿ ಸೇರಿ ಒಂದು ಲೆಕ್ಕ ಹಾಕುತ್ತೇವೆ. ಹಗಲು ನೋಡಿಕೊಳ್ಳುವ ಹೆಣ್ಣುಮಗಳಿಗೆ ಎಷ್ಟು, ರಾತ್ರಿ ಮಲಗುವವರಿಗೆ ಎಷ್ಟು, ಡೈಪರಿಗೆ ಎಷ್ಟು, ಮುಂದಿನ ತಿಂಗಳು ಯಾರ ಪಾಲು. ಆಪರೇಷನ್ನಿನ ಖರ್ಚು ಒಂದು ಸಲಕ್ಕೆ ಮುಗಿಯಿತು. ಇದು ಮುಗಿಯುವುದಿಲ್ಲ. ಮುಗಿಯಲಿ ಅಂತ ಬಾಯಿಬಿಟ್ಟು ಅನ್ನುವ ಹಾಗೂ ಇಲ್ಲ. ಕೊನೆಯ ದಿನಾಂಕ ಗೊತ್ತಿಲ್ಲದ ಖರ್ಚಿಗೆ ದುಡ್ಡು ಹೊಂದಿಸುವುದು ಹೇಗೆ? ‘ಆಚಂದ್ರಾರ್ಕ’ ಎಂದು, ಅಂದರೆ ಸೂರ್ಯಚಂದ್ರರು ಇರುವ ತನಕ ಎಂದು ಬರೆಸಿದವರು ಈ ಪ್ರಶ್ನೆಯನ್ನು ಹೇಗೆ ನಿಭಾಯಿಸಿದ್ದರು ಎಂದು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸುತ್ತ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮನೆಯ ಪಾಲು, ಮಠದ ಪಾಲು

ಕೋಡಿಮಠದ ಪಟ್ಟಿಯನ್ನು ಒಂಟಿಯಾಗಿ ಓದಿದರೆ ಉತ್ತರ ಸಿಗುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕನ್ನಡ ನಾಡಿನ ಪಠ್ಯವನ್ನು ಇಟ್ಟುಕೊಳ್ಳಬೇಕು: ವಿಜ್ಞಾನೇಶ್ವರನ ‘ಮಿತಾಕ್ಷರಾ’. ಯಾಜ್ಞವಲ್ಕ್ಯಸ್ಮೃತಿಯ ಮೇಲಿನ ಈ ವ್ಯಾಖ್ಯಾನ ಹುಟ್ಟಿದ್ದು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126). ಕೋಡಿಮಠದ ಶಾಸನಕ್ಕಿಂತ ಒಂದೆರಡು ತಲೆಮಾರು ಹಿಂದೆ, ಅಷ್ಟೇ.

ಆಸ್ತಿ ಪಾಲಾಗುವಾಗ ಕುಂಟ, ಕುರುಡ, ಬುದ್ಧಿಭ್ರಮಣೆಯಾದವನು, ವಾಸಿಯಾಗದ ರೋಗವಿರುವವನು ಮುಂತಾದವರಿಗೆ ಪಾಲಿಲ್ಲ ಎನ್ನುತ್ತದೆ ಸ್ಮೃತಿ. ಇವತ್ತು ಕೇಳಿದರೆ ಸಿಟ್ಟು ಬರುವ ಮಾತು. ಆದರೆ ಅದೇ ಉಸಿರಿನಲ್ಲಿ ಅವರನ್ನು ಆಸ್ತಿ ಪಡೆದವರು ಸಾಕಲೇಬೇಕು ಎಂದೂ ಹೇಳುತ್ತದೆ. ಕುಂಟ, ಕುರುಡ ಎಂಬ ಎರಡು ಹೆಸರು ಇಲ್ಲೂ ಇವೆ, ಕೋಡಿಮಠದಲ್ಲೂ ಇವೆ. ಇನ್ನು ಮುಪ್ಪಾದ ತಂದೆತಾಯಿ? ಅವರನ್ನು ಮಿತಾಕ್ಷರಾ ಹೆಸರಿಟ್ಟೇ ಹೇಳುತ್ತದೆ. ಮನುವಿನ ಮಾತೆಂದು ಒಂದು ವಚನವನ್ನು ಎತ್ತಿ, ವೃದ್ಧ ತಂದೆತಾಯಿ, ಹೆಂಡತಿ, ಎಳೆಯ ಮಗು ಇವರನ್ನು ಸಾಕುವುದು ಎಂಥ ಕಷ್ಟದಲ್ಲೂ ತಪ್ಪಿಸಲಾಗದ ಹೊಣೆ ಎನ್ನುತ್ತದೆ.

ಈ ಎರಡು ಪಠ್ಯಗಳನ್ನು ಜೋಡಿಸಿದರೆ ಅಂದಿನ ವ್ಯವಸ್ಥೆಯ ನಕ್ಷೆ ಕಾಣಿಸುತ್ತದೆ. ಮುಪ್ಪಿನ ಖರ್ಚು ಮನೆಯದು. ಮನೆಯ ಆಸ್ತಿಯ ಮೇಲೆ ಕೂತ ಭಾರ ಅದು. ಮಠದ ಪಟ್ಟಿಗೆ ಬರುವುದು ಮನೆ ಇಲ್ಲದವರು, ಮನೆ ಕೈಬಿಟ್ಟವರು, ಮನೆ ಬಿಟ್ಟು ಹೊರಟವರು. ಮುದುಕ ಅಲ್ಲಿಗೆ ಹೋದರೆ ಮುದುಕನಾಗಿ ಹೋಗುವುದಿಲ್ಲ. ಅನಾಥನಾಗಿ, ಕಣ್ಣು ಹೋದವನಾಗಿ, ಕಾಲು ಹೋದವನಾಗಿ ಹೋಗುತ್ತಾನೆ. ಪಟ್ಟಿಯ ಮೊದಲಿಗೇ ಬರುವ ದೀನ, ಅನಾಥ ಎಂಬ ಪದಗಳಿಗೆ ಈ ದೃಷ್ಟಿಯಿಂದ ಬೇರೆಯೇ ತೂಕ ಬರುತ್ತದೆ. ಅನಾಥ ಎಂದರೆ ತಂದೆತಾಯಿ ಇಲ್ಲದ ಮಗು ಮಾತ್ರ ಅಲ್ಲ. ನಾಥನಿಲ್ಲದವನು, ಹೊಣೆ ಹೊರುವವರು ಯಾರೂ ಇಲ್ಲದವನು.

ಮನೆ ಸೋತರೆ ಮಠ ಎನ್ನುವುದು ಅಂದಿನ ಏರ್ಪಾಡು. ಮನೆ ಸೋಲುವುದು ಅಪರೂಪ ಎನ್ನುವ ನಂಬಿಕೆಯ ಮೇಲೆ ಅದು ನಿಂತಿತ್ತು.

ಹಾನಗಲ್ಲು: ನೆತ್ತರಿಗೆ ಕೊಟ್ಟ ಹೊಲ

ಹಾನಗಲ್ಲು, ಶಾಸನಗಳ ಪಾನುಂಗಲ್ಲು, ಪಾನುಂಗಲ್ಲು-500 ಎಂಬ ನಾಡಿನ ಮುಖ್ಯ ಪಟ್ಟಣ, ಹಾನಗಲ್ಲ ಕದಂಬರ ರಾಜಧಾನಿ. ತಾರಕೇಶ್ವರ ಗುಡಿಯ ಆವರಣದ ದೊಡ್ಡ ವೀರಗಲ್ಲಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಬಂದವರಿಲ್ಲ. ವೀರಗಲ್ಲನ್ನು ನಾವು ಕೆಳಗಿನಿಂದ ಮೇಲಕ್ಕೆ ಓದುತ್ತೇವೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸತ್ತವನ ದಾರಿ ಪೂರ್ತಿ ಇದೆ. ಅವನ ಮನೆಯಲ್ಲಿ ಉಳಿದ ಮುದಿ ತಾಯಿಯ ದಾರಿ ಶಿಲ್ಪದಲ್ಲಿ ಇಲ್ಲ.

ಅದು ಕೆಲವು ಕಡೆ ಅಕ್ಷರದಲ್ಲಿದೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಡುವ ಭೂಮಿಗೆ ಕನ್ನಡ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಹೆಸರಿದೆ. ನೆತ್ತರಿಗೆ ಕೊಟ್ಟ ಕೊಡುಗೆ. ಗಂಗರ ಕಾಲದ ಶಾಸನಗಳಲ್ಲಿ ‘ಬಾಳ್ಗಳ್ಚು’ ಎಂಬ ಮಾತೂ ಸಿಗುತ್ತದೆ, ಕತ್ತಿ ತೊಳೆದು ಕೊಟ್ಟದ್ದು. ಸೇವೆ ಮಾಡುವವನ ಬದುಕಿಗೆ ಬಿಟ್ಟದ್ದು ‘ಜೀವಿತ’, ‘ಉಂಬಳಿ’. ನಮ್ಮ ಕಡೆ ಹಳೆಯ ಹೊಲಗಳ ಹೆಸರಿನಲ್ಲಿ ಉಂಬಳಿ ಎಂಬ ಪದ ಇವತ್ತಿಗೂ ಕೇಳಿಸುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಕೊಟ್ಟದ್ದು ಹಣದ ಗಂಟಲ್ಲ, ಹೊಲ. ಹೊಲವನ್ನು ಒಂದೇ ವರ್ಷದಲ್ಲಿ ತಿಂದು ಮುಗಿಸಲಾಗುವುದಿಲ್ಲ. ಪ್ರತಿ ವರ್ಷ ಕಾಳು ಬರುತ್ತದೆ. ಕಾಳಿನ ಬೆಲೆ ಏರಿದರೂ ಹೊಟ್ಟೆಗೆ ಬೀಳುವ ಅನ್ನ ಕಡಿಮೆಯಾಗುವುದಿಲ್ಲ. ಬೆಲೆಯೇರಿಕೆಗೆ ಇದಕ್ಕಿಂತ ಸರಳವಾದ ರಕ್ಷಣೆಯನ್ನು ನಾನು ಯಾವ ಪಾಲಿಸಿ ಕಾಗದದಲ್ಲೂ ಕಂಡಿಲ್ಲ. ಗುಡಿಗಳಿಗೆ ಬಿಟ್ಟ ದತ್ತಿಗಳಲ್ಲೂ ಹೀಗೇ: ಗಾಣಕ್ಕೆ ಇಷ್ಟು ಎಣ್ಣೆ, ಹೇರಿಗೆ ಇಷ್ಟು ಅಡಕೆ, ಎಲೆ. ಗದ್ಯಾಣವನ್ನು ಇಟ್ಟು ಬಡ್ಡಿಯಲ್ಲಿ ದೀಪ ನಡೆಸುವ ದತ್ತಿಗಳೂ ಇವೆ. ಅಲ್ಲಿಯೂ ಅಸಲು ಮುಟ್ಟುವಂತಿಲ್ಲ.

ಬಂಕಾಪುರ: ಎಷ್ಟು ಕೈ ಬೇಕು?

ದುಡ್ಡಿನ ಲೆಕ್ಕಕ್ಕೆ ಮೊದಲು ಕೈಗಳ ಲೆಕ್ಕ ಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಎಷ್ಟು ಜನ ಬೇಕು? ಇದಕ್ಕೆ ಹಳೆಯ ಉತ್ತರವೊಂದು ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಮೂಲಕ ಬರುತ್ತದೆ.

ಬಂಕಾಪುರ ಎಂದರೆ ಎಲ್ಲರಿಗೂ ಅರವತ್ತು ಕಂಬದ ನಗರೇಶ್ವರ ಗುಡಿ, ಈಗ ನವಿಲುಗಳಿರುವ ಕೋಟೆ ನೆನಪಾಗುತ್ತದೆ. ಅದಕ್ಕೂ ಮೊದಲು ಅದು ದೊಡ್ಡ ಜೈನ ಕೇಂದ್ರ. ಗುಣಭದ್ರನ ‘ಉತ್ತರಪುರಾಣ’ಕ್ಕೆ 898ರಲ್ಲಿ ಪೂಜೆ ಸಂದದ್ದು ಇಲ್ಲಿ. ಗಂಗ ದೊರೆ ಮಾರಸಿಂಹ ರಾಜ್ಯ ಬಿಟ್ಟು, ಸುಮಾರು 974ರಲ್ಲಿ, ಅಜಿತಸೇನ ಭಟ್ಟಾರಕರ ಪಾದದ ಬಳಿ ಮೂರು ದಿನಗಳ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇಲ್ಲೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಇದನ್ನು ಹೇಳುತ್ತದೆ.

ಸಲ್ಲೇಖನ ಒಂದು ವ್ರತ. ಮುದುಕರ ಆರೈಕೆಯ ಪದ್ಧತಿ ಅಲ್ಲ. ಎರಡನ್ನೂ ಒಂದೇ ಮಾಡುವುದು ತಪ್ಪು. ಆದರೆ ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ ಈ ವ್ರತಕ್ಕೆ ತಕ್ಕ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ಬರಗಾಲ, ವಾಸಿಯಾಗದ ರೋಗಗಳ ಜೊತೆ ಮುಪ್ಪನ್ನೂ ಹೆಸರಿಸುತ್ತದೆ. ವ್ರತ ಹಿಡಿದವರ ಪಕ್ಕದಲ್ಲಿ ಇರಬೇಕಾದ ಸಹಾಯಕರನ್ನು ‘ನಿರ್ಯಾಪಕ’ರು ಎನ್ನುತ್ತಾರೆ. ಪ್ರಾಕೃತದ ‘ಭಗವತೀ ಆರಾಧನಾ’, ಅಂದರೆ ನಮ್ಮ ‘ವಡ್ಡಾರಾಧನೆ’ಯ ಕಥೆಗಳಿಗೆ ಮೂಲವಾದ ಗ್ರಂಥ, ಇವರ ಸಂಖ್ಯೆಯನ್ನು 48 ಎನ್ನುತ್ತದೆ. ನಾಲ್ಕು ನಾಲ್ಕು ಜನರ ತಂಡ. ಮೈ ಎತ್ತಿ ಹೊರಳಿಸಲು ನಾಲ್ವರು. ಆಹಾರಕ್ಕೆ ನಾಲ್ವರು, ನೀರಿಗೆ ನಾಲ್ವರು. ಮಲಮೂತ್ರ ತೆಗೆಯಲು ನಾಲ್ವರು. ರಾತ್ರಿ ಎಚ್ಚರವಿರಲು ನಾಲ್ವರು. ಬಾಗಿಲು ಕಾಯಲು, ಬಂದವರ ಹತ್ತಿರ ಮಾತಾಡಲು, ಧರ್ಮಕಥೆ ಹೇಳಲು ಬೇರೆ ಬೇರೆಯವರು.

ನನ್ನ ಮಟ್ಟಿಗೆ ಇದು ಶುದ್ಧ ಶಿಫ್ಟ್ ಚಾರ್ಟ್. ಬರೆದವರಿಗೆ ಈ ಕೆಲಸ ಎಂಥದ್ದು ಎಂದು ಕಣ್ಣಾರೆ ಗೊತ್ತಿತ್ತು. ಮಲಮೂತ್ರ ಮತ್ತು ರಾತ್ರಿಯ ನಿದ್ದೆಗೇಡನ್ನು ಪ್ರತ್ಯೇಕ ಕೆಲಸವೆಂದು ಎಣಿಸಿದ್ದೇ ಅದಕ್ಕೆ ಸಾಕ್ಷಿ. 48 ಜನ ಸಿಗದಿದ್ದರೆ ಕಡಿಮೆ ಮಾಡುತ್ತಾ ಬರಬಹುದು, ಆದರೆ ಇಬ್ಬರಿಗಿಂತ ಕಡಿಮೆ ಸಲ್ಲದು. ಒಬ್ಬನೇ ಇದ್ದರೆ ನೋಡಿಕೊಳ್ಳುವವನೂ ಕೆಡುತ್ತಾನೆ, ನೋಡಿಸಿಕೊಳ್ಳುವವನೂ ಕೆಡುತ್ತಾನೆ ಎಂಬುದು ಅಲ್ಲಿನ ತರ್ಕ.

ಇನ್ನೊಂದು ಸಂಖ್ಯೆಯನ್ನು ಪಕ್ಕಕ್ಕಿಡೋಣ. ಕಾಂಚೀಪುರದ ಹತ್ತಿರದ ತಿರುಮುಕ್ಕೂಡಲಿನಲ್ಲಿ 11ನೆಯ ಶತಮಾನದ ಚೋಳ ದೊರೆ ವೀರರಾಜೇಂದ್ರನ ಶಾಸನವೊಂದಿದೆ. ಗುಡಿಗೆ ಸೇರಿದ ಆತುರಶಾಲೆಯಲ್ಲಿ 15 ಹಾಸಿಗೆ. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆ ತರಲು ಇಬ್ಬರು, ರೋಗಿಗಳನ್ನು ನೋಡಿಕೊಳ್ಳಲು ಇಬ್ಬರು ಹೆಂಗಸರು. ಪ್ರತಿಯೊಬ್ಬರಿಗೂ ವರ್ಷಕ್ಕೆ ಇಷ್ಟು ಭತ್ತ ಎಂದು ನಮೂದು. ಅದು ವಿದ್ಯಾರ್ಥಿಗಳಿಗೆ ಮತ್ತು ಗುಡಿಯ ಸಿಬ್ಬಂದಿಗೆ ಇದ್ದ ಆಸ್ಪತ್ರೆ. ವಾಸಿಯಾಗಿ ಎದ್ದು ಹೋಗುವವರ ಜಾಗ. 15 ಹಾಸಿಗೆಗೆ ಇಬ್ಬರು ಸಾಕಾದದ್ದು ಅದಕ್ಕೇ. ಎದ್ದು ಹೋಗದವರಿಗೆ ಒಂದು ಹಾಸಿಗೆಗೇ ಇಬ್ಬರು ಬೇಕು. ಚಿಕಿತ್ಸೆಯ ಲೆಕ್ಕ ಬೇರೆ, ಆರೈಕೆಯ ಲೆಕ್ಕ ಬೇರೆ. ಕೋಡಿಮಠದ ಶಾಸನವೂ ಅನ್ನದ ಸ್ಥಾನವನ್ನು ಔಷಧದ ಸ್ಥಾನದಿಂದ ಬೇರೆಯಾಗಿಯೇ ಹೇಳಿದೆ.

ನಾವು ಮಾತ್ರ ಈ ಎರಡನ್ನೂ ಕಲಸಿಕೊಂಡಿದ್ದೇವೆ. 2024ರ ಅಕ್ಟೋಬರ್‌ನಿಂದ 70 ದಾಟಿದವರಿಗೆಲ್ಲ ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ರಕ್ಷಣೆ ವಿಸ್ತರಿಸಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಯಲ್ಲಿ ದಾಖಲಾದಾಗಿನ ಖರ್ಚಿಗೆ. ಮನೆಗೆ ಬಂದ ಮೇಲೆ ಮೈ ಹೊರಳಿಸುವ ಕೈಗೆ ಅಲ್ಲ.

ಅಬಲೂರು: ಹೊಲ, ಉದ್ದೇಶ, ಕಾವಲು

ಹಿರೇಕೆರೂರು ತಾಲ್ಲೂಕಿನ ಅಬಲೂರು ಏಕಾಂತದ ರಾಮಯ್ಯನಿಂದ ಹೆಸರಾದ ಊರು. ಸೋಮೇಶ್ವರ ಗುಡಿಯ ಸುಮಾರು 1200ರ ಶಾಸನ, ತಲೆ ಅರಿದು ಮರಳಿ ಪಡೆದ ಕಥೆ, ಗುಡಿಯ ಗೋಡೆಯ ಶಿಲ್ಪ ಎಲ್ಲವೂ ಪ್ರಸಿದ್ಧ. ಅದೇ ಊರಿನ ಬ್ರಹ್ಮೇಶ್ವರ ಗುಡಿಯಲ್ಲಿ 1101 ಮತ್ತು 1104ರ ಶಾಸನಗಳಿವೆ. ಫ್ಲೀಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಇವನ್ನೆಲ್ಲ ಪ್ರಕಟಿಸಿದ್ದಾರೆ. ಬ್ರಹ್ಮೇಶ್ವರ ಗುಡಿ ಇದ್ದದ್ದು ಕಾಳಾಮುಖ ಗುರುಗಳ ಕೈಯಲ್ಲಿ. ಹಿರೇಕೆರೂರಿನ ನೈಋತ್ಯಕ್ಕಿರುವ ಬಳ್ಳಿಗಾವೆಯ ಕೋಡಿಮಠವೂ ಅದೇ ಶಕ್ತಿಪರ್ಷೆಯದು. ಅಂದರೆ ಕೋಡಿಮಠ ಒಂಟಿ ಸಂಸ್ಥೆಯಲ್ಲ. ನಮ್ಮ ತಾಲ್ಲೂಕುಗಳ ಹಳ್ಳಿಗಳಲ್ಲಿ ಹರಡಿದ್ದ ಜಾಲದ ದೊಡ್ಡ ಕೊಂಡಿ.

ಈ ಕಾಲದ ದತ್ತಿಯ ಶಾಸನವನ್ನು ಲೆಕ್ಕದ ಕಣ್ಣಿನಿಂದ ಬಿಡಿಸಿದರೆ ಮೂರು ಭಾಗ ಸಿಗುತ್ತವೆ.

ಮೊದಲನೆಯದು ಮೂಲ. ಯಾವ ಊರಿನ ಯಾವ ದಿಕ್ಕಿನಲ್ಲಿ ಎಷ್ಟು ಮತ್ತರು, ಯಾವ ಗಳೆಯಿಂದ ಅಳೆದದ್ದು, ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಕಲ್ಲು. ಮತ್ತರಿನ ಅಳತೆ ಊರಿನಿಂದ ಊರಿಗೆ ಬದಲಾಗುತ್ತಿದ್ದದ್ದರಿಂದ ಗಳೆಯ ಹೆಸರನ್ನೂ ಹೇಳುವ ರೂಢಿ. ‘ಸರ್ವನಮಸ್ಯ’ ಎಂದರೆ ಆ ಭೂಮಿಯ ಮೇಲೆ ತೆರಿಗೆಯ ಕಾಟವಿಲ್ಲ.

ಎರಡನೆಯದು ಉದ್ದೇಶ. ಒಡೆದದ್ದು ಬಿರುಕುಬಿಟ್ಟದ್ದರ ಜೀರ್ಣೋದ್ಧಾರಕ್ಕೆ, ದೇವರ ನೈವೇದ್ಯಕ್ಕೆ, ತಪೋಧನರ ಊಟ ಬಟ್ಟೆಗೆ, ವಿದ್ಯಾದಾನಕ್ಕೆ. ದೇವರಿಗೆ ಎಂದು ಸುಮ್ಮನೆ ಬಿಡುವುದಿಲ್ಲ. ದೇವರ ಹೆಸರಿನಲ್ಲಿ ಯಾರ ಹೊಟ್ಟೆ ಮೈ ನೋಡಬೇಕು ಎಂದು ಬರೆಯುತ್ತಾರೆ.

ಮೂರನೆಯದು ಕಾವಲು. ಆಚಾರ್ಯನ ಕಾಲು ತೊಳೆದು ಧಾರೆಯೆರೆದು ಕೊಟ್ಟರೂ ಅವನು ಯಜಮಾನನಲ್ಲ. ಸ್ಥಾನದ ಆಚಾರ್ಯ ನೈಷ್ಠಿಕ ಬ್ರಹ್ಮಚಾರಿಯಾಗಿರಬೇಕು ಎಂಬ ನಿಯಮ ಕೆಲವು ಶೈವ ಶಾಸನಗಳಲ್ಲಿದೆ. ಅದನ್ನು ಬರೀ ಮಡಿಯ ಮಾತಾಗಿ ಓದಬೇಕಿಲ್ಲ. ಮಕ್ಕಳಿದ್ದರೆ ಮಠದ ಹೊಲ ಮನೆಯ ಹೊಲವಾಗುತ್ತದೆ ಎಂಬ ಭಯವೂ ಅದರ ಹಿಂದಿದೆ ಎಂದು ನನ್ನ ಓದು. ಮಹಾಜನರು, ನಖರರು, ಅರುವತ್ತೊಕ್ಕಲು ಸಾಕ್ಷಿ. ಅವರೆಲ್ಲ ಸತ್ತ ಮೇಲೆ? ಅದಕ್ಕೇ ಶಾಪಾಶಯ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಮಾತು ಬರೀ ಅಲಂಕಾರ ಅಲ್ಲ. ಕೋರ್ಟು ಇಲ್ಲದ ಊರಿನಲ್ಲಿ ಅದು ದಂಡದ ಕಲಮು. ಕಲ್ಲನ್ನು ಎಲ್ಲರಿಗೂ ಕಾಣುವಲ್ಲಿ ನಿಲ್ಲಿಸುವುದು ನೋಟಿಸ್: ಈ ಹೊಲಕ್ಕೆ ಒಂದು ಹೊಣೆ ಅಂಟಿದೆ, ಉಳುವವನು ಯಾರೇ ಆಗಲಿ, ಆ ಹೊಣೆ ಹೊಲದ ಜೊತೆ ಹೋಗುತ್ತದೆ.

ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜರೊಬ್ಬರಿಗೆ ಇದನ್ನು ವಿವರಿಸುತ್ತಿದ್ದೆ. ಕೇಳಿಸಿಕೊಂಡು, “ಹಂಗಾರ ಆ ಕಲ್ಲು ನಮ್ಮ ಮನೀಗೂ ಒಂದು ಬೇಕಾಗಿತ್ತು ನೋಡ ತಮ್ಮಾ” ಅಂದರು. “ಯಾಕ್ರಿ ಯಜ್ಜಾ?” ಅಂದೆ. “ನಾಕು ಎಕರೆ ಇತ್ತು. ಇಬ್ಬರು ಮಕ್ಕಳ ಹೆಸರಿಗೆ ಹಚ್ಚಿಬಿಟ್ಟೆ. ನೋಡ್ಕೋತೀವಿ ಅಂದ್ರು, ನೋಡ್ಕೊಳ್ಳಾಕತ್ತಾರ, ಇಲ್ಲ ಅನ್ನಂಗಿಲ್ಲ. ಒಬ್ಬನ ಮನ್ಯಾಗ ಆರು ತಿಂಗಳ, ಇನ್ನೊಬ್ಬನ ಮನ್ಯಾಗ ಆರು ತಿಂಗಳ. ಆದ್ರ ಕೇಳಿ ಇಸ್ಕೋಬೇಕು. ಕಾಗದದಾಗ ಏನೂ ಬರದಿಲ್ಲ.” ಮಕ್ಕಳ ಮೇಲೆ ಅವರಿಗೆ ದೂರಿರಲಿಲ್ಲ. ಕೇಳಿ ಇಸಿದುಕೊಳ್ಳಬೇಕು ಎನ್ನುವುದಷ್ಟೇ ಅವರ ನೋವು.

ಸವಣೂರು: ಕಲ್ಲಿನಿಂದ ಕಾಗದಕ್ಕೆ

ಕಲ್ಲಿನ ಏರ್ಪಾಡು ಏನಾಯಿತು? ಬ್ರಿಟಿಷರ ಕಾಲದಲ್ಲಿ ಸವಣೂರು ನವಾಬರ ಸಂಸ್ಥಾನ. 1948ರವರೆಗೂ ಹಾಗೇ ಇತ್ತು. ಸುತ್ತಲಿನ ಹಾನಗಲ್ಲು, ಶಿಗ್ಗಾವಿ ಕೇಂದ್ರವಾಗಿದ್ದ ಬಂಕಾಪುರ ತಾಲ್ಲೂಕು, ಹಿರೇಕೆರೂರು ಕೇಂದ್ರವಾಗಿದ್ದ ಕೋಡ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿ, ಮುಂಬೈ ಸರಕಾರದ ಕೆಳಗೆ. ಅಲ್ಲಿ 1843ರಲ್ಲಿ ಇನಾಮು ಭೂಮಿಗಳ ತನಿಖೆ ಸುರುವಾಗಿ, 1852ರ ಕಾಯಿದೆಯಿಂದ ಇನಾಮ್ ಕಮಿಷನ್ ಬಂತು. ಕಾಗದ ತೋರಿಸಿದವರಿಗೆ ಸನದು, ತೋರಿಸದವರ ಭೂಮಿಗೆ ಕಂದಾಯ. 1863ರ ಕಾಯಿದೆಗಳು ಉಳಿದದ್ದನ್ನು ಇತ್ಯರ್ಥ ಮಾಡಿದವು. ಕಲ್ಲಿನಲ್ಲಿದ್ದ ಹತ್ತಾರು ಉದ್ದೇಶಗಳು ಕಂದಾಯದ ದಫ್ತರಿನಲ್ಲಿ ‘ದೇವಸ್ಥಾನ ಇನಾಮು’ ಎಂಬ ಒಂದು ಶೀರ್ಷಿಕೆಯಡಿ ಸೇರಿದವು. ದೇವರ ಹೆಸರು ಉಳಿಯಿತು. ದೀನ, ಅನಾಥ, ಕುರುಡರಿಗೆ ಕಾಲಂ ಇರಲಿಲ್ಲ.

1974ರಲ್ಲಿ ಭೂಸುಧಾರಣೆ ಬಂದು ಗೇಣಿಯ ಭೂಮಿ ಉಳುವವರದ್ದಾಯಿತು. ಅದು ನ್ಯಾಯದ ಕೆಲಸ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಅದರಿಂದಲೇ ಉಂಡವು. ಆದರೆ ಗುಡಿಗಳಿಗೆ ಹೊಲದ ಬದಲು ಸಿಕ್ಕದ್ದು ವರ್ಷಾಶನ, ತಸ್ತೀಕು ಎಂಬ ರೂಪಾಯಿಯ ಮೊತ್ತ. ಕಾಳು ಬೆಲೆಯ ಜೊತೆ ಏರುತ್ತದೆ. ರೂಪಾಯಿ ಸರಕಾರ ಏರಿಸಿದಾಗ ಮಾತ್ರ ಏರುತ್ತದೆ.

ಮುದುಕರ ಪಿಂಚಣಿಯೂ ಇದೇ ಜಾತಿಯದು. 65 ದಾಟಿದ ಬಡವರಿಗೆ 2007ರಲ್ಲಿ ಬಂದ ‘ಸಂಧ್ಯಾ ಸುರಕ್ಷಾ’ ಯೋಜನೆಯ ಮೊತ್ತವನ್ನು, ಆಗ ಶಿಗ್ಗಾವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು 2021ರ ಜುಲೈ 28ರಂದು ಮುಖ್ಯಮಂತ್ರಿಯಾದ ದಿನವೇ 1,000 ರೂಪಾಯಿಯಿಂದ 1,200ಕ್ಕೆ ಏರಿಸಿದರು. ದಿನಕ್ಕೆ 40 ರೂಪಾಯಿ. ಕೇಂದ್ರದ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 200, ಆಮೇಲೆ 500. ಈ ದುಡ್ಡು ಎಲೆಯಡಿಕೆಗೆ, ಮಾತ್ರೆಗೆ, ಮೊಮ್ಮಗುವಿನ ಕೈಗಿಡುವ ಹತ್ತು ರೂಪಾಯಿಗೆ ದೊಡ್ಡದು. ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಆದರೆ ರಾತ್ರಿ ಎಚ್ಚರವಿರುವ ಒಂದು ಜೀವದ ಕೂಲಿ ಅದರಲ್ಲಿ ಹುಟ್ಟುವುದಿಲ್ಲ.

ಬೇರೆ ದೇಶಗಳು ಇದನ್ನು ಪ್ರತ್ಯೇಕ ಕಾಲಂ ಮಾಡಿವೆ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ದೀರ್ಘಾವಧಿ ಆರೈಕೆಗೇ ಒಂದು ವಿಮೆ ತಂದವು. ಜಪಾನಿನಲ್ಲಿ 40 ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ವೆಚ್ಚದ ಅರ್ಧ ಕಂತಿನಿಂದ, ಅರ್ಧ ತೆರಿಗೆಯಿಂದ. ಅಲ್ಲಿದ್ದಿದ್ದರೆ ನನ್ನ ವಯಸ್ಸಿನವನು ಈಗಾಗಲೇ ಕಟ್ಟುತ್ತಿರಬೇಕಿತ್ತು. ಅವರ ಪಟ್ಟಿಯಲ್ಲಿ ‘ವೃದ್ಧ’ ಇದ್ದಾನೆ.

ನಮ್ಮಲ್ಲಿ ಇರುವುದು 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ. ಕೋರ್ಟಿನ ಬದಲು ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಸವಣೂರಿನಲ್ಲಿ ಆ ಕಚೇರಿ ಇದೆ. ಮಕ್ಕಳು ಕೊಡಬೇಕಾದ ಪೋಷಣೆಗೆ ತಿಂಗಳಿಗೆ 10,000ದ ಮಿತಿ. ಜಿಲ್ಲೆಗೆ ಕನಿಷ್ಠ ಒಂದು, 150 ಜನ ಇರಬಹುದಾದ ವೃದ್ಧಾಶ್ರಮದ ಮಾತೂ ಅದರಲ್ಲಿದೆ, ಬಡ ಹಿರಿಯರಿಗಾಗಿ. ಮೊದಲು ಮನೆ, ಮನೆ ಸೋತರೆ ಸಂಸ್ಥೆ: ವಿಜ್ಞಾನೇಶ್ವರ ಮತ್ತು ಕೋಡಿಮಠದ ನಕ್ಷೆಯೇ. ಒಂಬತ್ತು ನೂರು ವರ್ಷದಲ್ಲಿ ನಕ್ಷೆ ಬದಲಾಗಿಲ್ಲ, ಮನೆ ಬದಲಾಗಿದೆ. ಅಂದಿನ ಮನೆಯಲ್ಲಿ ನಿರ್ಯಾಪಕರಿದ್ದರು, ಹೆಚ್ಚಿನಂಶ ಕೂಲಿಯಿಲ್ಲದ ಹೆಣ್ಣುಮಕ್ಕಳು. ಸೊಸೆ, ಮಗಳು, ವಿಧವೆಯಾಗಿ ತವರಿಗೆ ಬಂದ ಅಕ್ಕ. ಅವರ ಹೆಸರು ಯಾವ ಕಲ್ಲಿನಲ್ಲೂ ಬರಲಿಲ್ಲ. ಈಗ ಮಕ್ಕಳು ಬೆಂಗಳೂರು, ಹುಬ್ಬಳ್ಳಿ, ಪುಣೆಯಲ್ಲಿ, ಸೊಸೆಯೂ ದುಡಿಯುತ್ತಾಳೆ. ಅಂದು ಬಿಟ್ಟಿಯಾಗಿ ಸಿಕ್ಕ ದುಡಿಮೆಗೆ ಇಂದು ತಿಂಗಳ ಬಿಲ್ಲು ಬರುತ್ತಿದೆ, ಅಷ್ಟೇ. ಖರ್ಚು ಹೊಸದಲ್ಲ. ಲೆಕ್ಕಕ್ಕೆ ಬಂದದ್ದು ಹೊಸದು.

ಕಲ್ಲಿನಲ್ಲಿದ್ದದ್ದು, ಪತ್ರದಲ್ಲಿ ಇಲ್ಲದ್ದು

ಆ ಕಾಯಿದೆಯ 23ನೆಯ ಕಲಮು ಶಾಸನ ಓದುವವರಿಗೆ ಹತ್ತಿರದ ನೆಂಟ. ತನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ರದ್ದು ಮಾಡಿಸಬಹುದು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಷರತ್ತು ಇತ್ತು ಎಂಬುದು ಸಾಬೀತಾಗಬೇಕು, ಮಕ್ಕಳು ನೋಡಿಕೊಳ್ಳಲಿಲ್ಲ ಎಂದಷ್ಟೇ ಹೇಳಿದರೆ ಸಾಲದು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಕೋರ್ಟು ಕಾಯಿದೆಯನ್ನು ಉದಾರವಾಗಿ ಓದಿ ತಾಯಿಯ ದಾನಪತ್ರವನ್ನು ರದ್ದುಮಾಡಿತು. ಅಲ್ಲಿಯೂ ಮಗ ನೋಡಿಕೊಳ್ಳುತ್ತೇನೆಂದು ಬರೆದ ವಚನಪತ್ರವೊಂದು ಇತ್ತು. ಅದೇ ಕಲಮಿನ ಎರಡನೆಯ ಭಾಗ ಇನ್ನೂ ಮುಂದೆ ಹೋಗುತ್ತದೆ: ಆಸ್ತಿಯಿಂದ ಪೋಷಣೆ ಪಡೆಯುವ ಹಕ್ಕು ಹಿರಿಯರಿಗಿದ್ದರೆ, ಅದು ಗೊತ್ತಿದ್ದೂ ಆಸ್ತಿ ಪಡೆದವರ ಮೇಲೂ, ಬಿಟ್ಟಿಯಾಗಿ ಪಡೆದವರ ಮೇಲೂ ಆ ಹಕ್ಕು ನಡೆಯುತ್ತದೆ. ಹೊಣೆ ಹೊಲದ ಜೊತೆ ಹೋಗುತ್ತದೆ.

ಕಲ್ಲು ನಿಲ್ಲಿಸಿದವರು ಬಲ್ಲ ವಿಷಯ ಇದು. ಉದ್ದೇಶ ಬರೆಯದ ದತ್ತಿ ದತ್ತಿಯಲ್ಲ, ಬರೀ ಹೊಲ. ನಮ್ಮ ಕಡೆ ವಾಟ್ನಿ ಪತ್ರ, ದಾನಪತ್ರ, ಹಕ್ಕುಬಿಡುಗಡೆ ಪತ್ರ ದಿನಾ ರಿಜಿಸ್ಟರ್ ಆಗುತ್ತವೆ. ಚಕಬಂದಿ ಎಂದು ನಾಲ್ಕು ದಿಕ್ಕಿನ ಗಡಿ ಇರುತ್ತದೆ, ಶಾಸನದ ಮೊದಲ ಭಾಗ ಹಾಗೇ ಉಳಿದಿದೆ. ಎರಡನೆಯ, ಮೂರನೆಯ ಭಾಗ ಇರುವುದಿಲ್ಲ. ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಎಂಬ ಮಾತು ಮಾತ್ರ ಇರುತ್ತದೆ. ಮಕ್ಕಳ ಮುಂದೆ ಷರತ್ತು ಹಾಕುವುದು ಅವಮಾನ ಎಂಬ ಭಾವನೆ ನಮ್ಮದು. ಆದರೆ ಅರಸ ತಾನು ಕಾಲು ತೊಳೆದ ಗುರುವಿಗೇ ಷರತ್ತು ಹಾಕಿ ಬರೆಸುತ್ತಿದ್ದ. ಅದು ಗುರುವಿಗೆ ಅವಮಾನ ಎಂದು ಯಾರೂ ತಿಳಿದ ಹಾಗೆ ಕಾಣುವುದಿಲ್ಲ. ಕೊಡುವವನೂ ಪಡೆಯುವವನೂ ಸತ್ತ ಮೇಲೂ ನಡೆಯಬೇಕಾದ ಕೆಲಸಕ್ಕೆ ವಿಶ್ವಾಸದ ಜೊತೆ ಅಕ್ಷರವೂ ಬೇಕು ಎಂಬುದು ಅವರ ಅನುಭವ.

ನಮ್ಮ ಮನೆಯಲ್ಲಿ ಈಗ ಹಾಗೊಂದು ಕಾಗದ ಆಗಿದೆ. ಸೋದರತ್ತೆಯ ಎರಡು ಎಕರೆ ಗೋವಿನಜೋಳದ ಹೊಲದ ಹುಟ್ಟುವಳಿ ಅವರ ಆರೈಕೆಗೇ. ಕಡಿಮೆ ಬಿದ್ದದ್ದು ಯಾರ ಯಾರ ಪಾಲು. ಹಗಲಿಗೊಬ್ಬರು ರಾತ್ರಿಗೊಬ್ಬರು, ಅಂದರೆ ಇಬ್ಬರಿಗಿಂತ ಕಡಿಮೆ ಇಲ್ಲ. ಲೆಕ್ಕ ನೋಡುವುದು ಅತ್ತೆಯ ತಂಗಿ. ಎರಡು ಪುಟ. ಓದಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ: “ಹಬ್ಬಕ್ಕ ಒಂದು ಸೀರಿ ಅಂತ ಬರಿ.” ತಪೋಧನರ ಊಟದ ಜೊತೆ ಬಟ್ಟೆಯನ್ನೂ ಮರೆಯದೆ ಬರೆಸಿದವರ ಸಾಲಿಗೆ ಸೇರುವ ಮಾತು. ಬರೆದೆವು.

ಮುಂದಿನ ಸಲ ಊರ ಶಾಸನದ ಮುಂದೆ ನಿಂತಾಗ ಅರಸನ ಬಿರುದುಗಳನ್ನು ದಾಟಿ ಕೊನೆಯ ಭಾಗಕ್ಕೆ ಬನ್ನಿ. ಯಾವ ಹೊಲ, ಯಾರ ಹೊಟ್ಟೆಗೆ, ಯಾರ ಕಾವಲಿನಲ್ಲಿ ಎಂದು ಕೇಳಿ ನೋಡಿ. ಆಮೇಲೆ ನಿಮ್ಮ ಮನೆಯ ಕಪಾಟಿನಲ್ಲಿರುವ ಪತ್ರವನ್ನು ತೆಗೆದು ಅದೇ ಮೂರು ಪ್ರಶ್ನೆ ಕೇಳಿ. ‘ವೃದ್ಧ’ ಎಂಬ ಪದವನ್ನು ಉದ್ದೇಶದ ಪಟ್ಟಿಯಲ್ಲೇ ಹೆಸರಿಸಿದ ದತ್ತಿ ಶಾಸನ ನಿಮ್ಮ ಕಡೆ ಇದ್ದರೆ, ಪಾಠದೊಂದಿಗೆ ತಿಳಿಸಿ. ಅದನ್ನು ಓದಲು ನಾನೇ ಬರುತ್ತೇನೆ.